ಫೌಂಡೇಶನ್ ದುಡ್ಡು ಚಂದಾ ಅಲ್ಲ

ನಾನು ಬರೆದ ಮೊದಲ ಅರ್ಜಿಯಲ್ಲಿ 'ಇಲ್ಲ' ಅನ್ನುವ ಪದ ಹದಿನಾಲ್ಕು ಸಲ ಇತ್ತು. ಲ್ಯಾಬ್ ಇಲ್ಲ. ಇದ್ದ ಲ್ಯಾಬಿನಲ್ಲಿ ನೀರಿಲ್ಲ. ಲೈಬ್ರರಿಯಲ್ಲಿ ಹೊಸ ಪುಸ್ತಕ ಇಲ್ಲ. ಹಳ್ಳಿಯಿಂದ ಬರುವ ಹುಡುಗಿಯರಿಗೆ ಹಾಸ್ಟೆಲ್ ಇಲ್ಲ. ಹೀಗೇ ಎರಡು ಪುಟ. ಕೊನೆಗೆ '40 ಲಕ್ಷ ರೂಪಾಯಿ ನೆರವು ನೀಡಬೇಕೆಂದು ಕೋರುತ್ತೇವೆ' ಎಂದು ಬರೆದು, ಮೇಲಿನವರ ಸಹಿ ಹಾಕಿಸಿ, ಬೆಂಗಳೂರಿನ ಒಂದು ದೊಡ್ಡ ಫೌಂಡೇಶನ್‌ಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೆ. ಐದು ತಿಂಗಳಾದ ಮೇಲೆ ಎರಡು ಸಾಲಿನ ಉತ್ತರ ಬಂತು. ನಿಮ್ಮ ಕೆಲಸಕ್ಕೆ ಒಳ್ಳೆಯದಾಗಲಿ, ಇದು ನಮ್ಮ ಕಾರ್ಯಕ್ಷೇತ್ರದೊಳಗೆ ಬರುವುದಿಲ್ಲ. ಅದು ಹದಿನೈದನೇ 'ಇಲ್ಲ'.

ಆಗ ಸಿಟ್ಟು ಬಂದಿತ್ತು. ಈಗ ಆ ಕಾಗದದ ಪ್ರತಿ ತೆಗೆದು ಓದಿದರೆ ನಗು ಬರುತ್ತದೆ. ನಾನು ಬರೆದದ್ದು ಅರ್ಜಿಯೇ ಅಲ್ಲ, ಚಂದಾ ಕೇಳುವ ಕಾಗದ. ದುಗ್ಗಮ್ಮನ ಜಾತ್ರೆಗೆ ಓಣಿಯ ಹುಡುಗರು ರಸೀದಿ ಪುಸ್ತಕ ಹಿಡಿದು ಬಂದರೆ ನಾವು 'ಯಾಕೆ, ಏನು, ಲೆಕ್ಕ ತೋರಿಸಿ' ಅನ್ನುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಊರ ದೇವಿಯ ಜಾತ್ರೆ. ಪಕ್ಕದ ಮನೆಯವರು 500 ಬರೆಸಿದ್ದಾರೆ, ನಾವೂ 500 ಬರೆಸುತ್ತೇವೆ. ಚಂದಾ ನಡೆಯುವುದು ಗುರುತಿನ ಮೇಲೆ, ಮುಲಾಜಿನ ಮೇಲೆ. ಫೌಂಡೇಶನ್‌ಗೆ ನಮ್ಮ ಗುರುತೂ ಇಲ್ಲ, ಮುಲಾಜೂ ಇಲ್ಲ. ಅದಕ್ಕೆ ತನ್ನದೇ ಒಂದು ಉದ್ದೇಶ ಇರುತ್ತದೆ. ನಮ್ಮ ಕೊರತೆ ಎಷ್ಟು ದೊಡ್ಡದು ಅನ್ನುವುದನ್ನು ಅದು ಅಳೆಯುವುದಿಲ್ಲ. ತನ್ನ ಕೆಲಸ ನಮ್ಮಿಂದ ಎಷ್ಟು ಆಗುತ್ತದೆ ಅನ್ನುವುದನ್ನು ಅಳೆಯುತ್ತದೆ.

ನಮ್ಮ ಕಡೆಯವರಿಗೆ ಈ ಗೊಂದಲ ಸ್ವಲ್ಪ ಜಾಸ್ತಿ. ಯಾಕೆಂದರೆ ದಾವಣಗೆರೆ ದಾನಿಗಳ ಹೆಸರಿನಲ್ಲೇ ಓದು ಕಲಿತ ಊರು. 1951ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜನ್ನು ಇವತ್ತಿಗೂ ಬಿ.ಡಿ.ಟಿ. ಅಂತಲೇ ಕರೆಯುತ್ತೇವೆ. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಅನ್ನುವ ಪೂರ್ತಿ ಹೆಸರು ಅಲ್ಲಿ ಓದಿದ ಎಷ್ಟೋ ಜನರ ಬಾಯಲ್ಲೇ ಬರುವುದಿಲ್ಲ. ಡಿ.ಆರ್.ಎಂ. ಕಾಲೇಜಿನ ಹೆಸರಿನೊಳಗೆ ರಾಜನಹಳ್ಳಿ ಮನೆತನ ಇದೆ. ಜಿಲ್ಲಾಸ್ಪತ್ರೆಗೆ ಚಿಗಟೇರಿ ಹೆಸರಿದೆ. ಹತ್ತಿ ವ್ಯಾಪಾರದ ಕಾಲದ ಊರು ಅದು. ಸಾಯಂಕಾಲ ಸಾಹುಕಾರರ ಮನೆಗೆ ಹೋಗಿ, ಜಗುಲಿ ಮೇಲೆ ಕೂತು, 'ಊರಿಗೊಂದು ಕಾಲೇಜು ಬೇಕಲ್ಲ ಯಜಮಾನ್ರೇ' ಅಂದರೆ ಮಾತು ಮುಂದಕ್ಕೆ ಹೋಗುತ್ತಿತ್ತು. ಈಗ ದುಡ್ಡಿರುವವರು ಆ ಜಗುಲಿ ಮೇಲೆ ಸಿಗುವುದಿಲ್ಲ. ಅವರ ಕಚೇರಿ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುತ್ತದೆ. ನಮ್ಮ ಅರ್ಜಿ ಓದುವವರು ಸಂಬಳಕ್ಕಿರುವ ಮೂವತ್ತು ವರ್ಷದ ಪ್ರೋಗ್ರಾಂ ಆಫೀಸರ್. ದಾವಣಗೆರೆಯನ್ನು ರೈಲಿನ ಕಿಟಕಿಯಿಂದಷ್ಟೇ ನೋಡಿದವರು.

ಇನ್ನು ಹಳೇ ವಿದ್ಯಾರ್ಥಿಗಳು. ದಾವಣಗೆರೆ ವಿಶ್ವವಿದ್ಯಾಲಯ ಹುಟ್ಟಿದ್ದು 2009ರಲ್ಲಿ. ಅದಕ್ಕೂ ಹಿಂದೆ, ತೋಳಹುಣಸೆಯಲ್ಲಿರುವ ಅದರ ಕ್ಯಾಂಪಸ್ ಶಿವಗಂಗೋತ್ರಿ ಮೊದಲು ಮೈಸೂರು ವಿಶ್ವವಿದ್ಯಾಲಯದ, ಆಮೇಲೆ ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಗೆ ಈಗ ದಾವಣಗೆರೆಯದೇ ವಿಶ್ವವಿದ್ಯಾಲಯ. 2009ರ ನಂತರ ಪದವಿ ಪಡೆದವರು ಈಗ ಮನೆ ಸಾಲದ ಕಂತು ಕಟ್ಟುತ್ತಿದ್ದಾರೆ. ಅವರು ಕೋಟಿ ಕೊಡುವ ಕಾಲ ಇನ್ನೂ ದೂರ ಇದೆ. ಹಾಗಾಗಿ ಇಂಥ ಹೊಸ ವಿಶ್ವವಿದ್ಯಾಲಯಗಳಿಗೆ, ಸುತ್ತಲಿನ ಕಾಲೇಜುಗಳಿಗೆ ಸರ್ಕಾರ ಮತ್ತು ಫೀ ಬಿಟ್ಟರೆ ಉಳಿಯುವ ದೊಡ್ಡ ದಾರಿ ಫೌಂಡೇಶನ್‌ಗಳದ್ದೇ.

ಈ ಫೌಂಡೇಶನ್ ಅಂದರೆ ಏನು

ದುಡ್ಡಿರುವ ಒಬ್ಬರು, ಒಂದು ಮನೆತನ ಅಥವಾ ಒಂದು ಕಂಪನಿ ತನ್ನ ಆಸ್ತಿಯ ಒಂದು ಪಾಲನ್ನು ಬೇರೆ ತೆಗೆದಿಡುತ್ತದೆ. ಅದಕ್ಕೊಂದು ಟ್ರಸ್ಟ್, ಸೊಸೈಟಿ ಅಥವಾ ಲಾಭಕ್ಕಲ್ಲದ ಕಂಪನಿ ಮಾಡುತ್ತಾರೆ. ಈ ದುಡ್ಡು ಯಾವುದಕ್ಕೆ ಅಂತ ಅದರ ದಸ್ತಾವೇಜಿನಲ್ಲೇ ಬರೆದಿರುತ್ತಾರೆ. ಆಮೇಲೆ ಕೊಟ್ಟವರಿಗೂ ಅದನ್ನು ವಾಪಸ್ ಮನೆಗೆ ಒಯ್ಯಲು ಆಗುವುದಿಲ್ಲ. ಟ್ರಸ್ಟಿಗಳು ಆ ಬರೆದ ಉದ್ದೇಶದ ಕಾವಲುಗಾರರು. ಅವರಿಗೆ ನಿಮ್ಮ ಮೇಲೆ ಎಷ್ಟೇ ಪ್ರೀತಿ ಇದ್ದರೂ, ಕಣ್ಣಿನ ಆಸ್ಪತ್ರೆಗೆ ಅಂತ ಬರೆದಿಟ್ಟ ದುಡ್ಡನ್ನು ಕನ್ನಡ ವಿಭಾಗದ ಸೆಮಿನಾರಿಗೆ ಕೊಡಲು ಬರುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಉದಾಹರಣೆ ಟಾಟಾ ಟ್ರಸ್ಟ್‌ಗಳು. ಸರ್ ರತನ್ ಟಾಟಾ ಟ್ರಸ್ಟ್ 1919ರದ್ದು, ಸರ್ ದೊರಾಬ್ಜಿ ಟಾಟಾ ಟ್ರಸ್ಟ್ 1932ರದ್ದು. ಟಾಟಾ ಸನ್ಸ್ ಕಂಪನಿಯ ಸುಮಾರು ಮೂರನೇ ಎರಡು ಭಾಗದ ಷೇರು ಇಂಥ ಟ್ರಸ್ಟ್‌ಗಳ ಕೈಯಲ್ಲಿದೆ. ಕಂಪನಿ ಲಾಭಾಂಶ ಹಂಚಿದಾಗ ಟ್ರಸ್ಟ್‌ಗೆ ದುಡ್ಡು ಬರುತ್ತದೆ. ಅದೇ ಅನುದಾನವಾಗಿ ಹೊರಗೆ ಹೋಗುತ್ತದೆ. ಮರ ಅಲ್ಲೇ ಇರುತ್ತದೆ, ಪ್ರತಿ ವರ್ಷ ಹಣ್ಣು ಮಾತ್ರ ಹಂಚುತ್ತಾರೆ.

ಎಷ್ಟು ಹಂಚಬೇಕು ಅನ್ನುವುದಕ್ಕೂ ಕಾನೂನಿದೆ. ಅಮೆರಿಕದಲ್ಲಿ ಖಾಸಗಿ ಫೌಂಡೇಶನ್ ಪ್ರತಿ ವರ್ಷ ತನ್ನ ಆಸ್ತಿಯ ಸುಮಾರು ಶೇ 5ರಷ್ಟನ್ನು ಕೊಡಲೇಬೇಕು. ನಮ್ಮಲ್ಲಿ ಲೆಕ್ಕ ಬೇರೆ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಟ್ರಸ್ಟ್ ಆ ವರ್ಷದ ಆದಾಯದ ಶೇ 85ರಷ್ಟನ್ನು ತನ್ನ ಉದ್ದೇಶಕ್ಕೆ ಬಳಸಬೇಕು. ಅಂದರೆ ಕೊಡುವುದು ಅವರಿಗೂ ಒಂದು ಕೆಲಸ. ಸರಿಯಾದ ಜಾಗ ಹುಡುಕಿ ಕೊಡಬೇಕಾದ ತಲೆನೋವು ಅವರಿಗೂ ಇದೆ. ಇದು ತಿಳಿದ ಮೇಲೆ ನನ್ನ ಅರ್ಜಿಗಳಲ್ಲಿ ಕೈಮುಗಿಯುವ ವಾಕ್ಯಗಳು ಕಡಿಮೆಯಾದವು.

ಎಲ್ಲ ಫೌಂಡೇಶನ್‌ಗಳೂ ಹೊರಗಿನವರಿಗೆ ದುಡ್ಡು ಕೊಡುವುದೇ ಕೆಲಸ ಅಂತ ಇಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಅನುದಾನವನ್ನೂ ಕೊಡುತ್ತದೆ, ಆದರೆ ಸರ್ಕಾರಿ ಶಾಲೆ ಶಿಕ್ಷಕರ ಜೊತೆ ತಾನೇ ನೇರವಾಗಿ ಕೆಲಸ ಮಾಡುತ್ತದೆ, ತನ್ನದೇ ವಿಶ್ವವಿದ್ಯಾಲಯ ನಡೆಸುತ್ತದೆ. ಅಲ್ಲಿಗೆ ಹೋಗಿ 'ನಮಗೊಂದು ಕಟ್ಟಡ' ಅಂದರೆ ಮಾತು ಅಲ್ಲಿಗೇ ಮುಗಿಯಿತು. 1996ರ ಇನ್ಫೋಸಿಸ್ ಫೌಂಡೇಶನ್ ಕಂಪನಿಯ ದುಡ್ಡಿನಿಂದ ನಡೆಯುವಂಥದ್ದು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಬೇರೆಯವರಿಂದ ಸಂಗ್ರಹಿಸಿ ಕಲೆಯ ಕೆಲಸಕ್ಕೆ, ಕಲೆಯ ಸಂಶೋಧನೆಗೆ ಕೊಡುತ್ತದೆ. ಮೊದಲ ಮನೆಕೆಲಸ ಇದೇ: ಒಂದು ಫೌಂಡೇಶನ್ ಹೋದ ಮೂರು ವರ್ಷ ಯಾರಿಗೆ, ಎಷ್ಟು, ಯಾವುದಕ್ಕೆ ಕೊಟ್ಟಿದೆ ಅಂತ ಅದರ ವಾರ್ಷಿಕ ವರದಿಯಲ್ಲಿ ನೋಡುವುದು. ಅವರ ಭಾಷಣ ಕೇಳಬೇಡಿ, ಪಟ್ಟಿ ಓದಿ.

ಅಂದಹಾಗೆ, ಚಿತ್ರದುರ್ಗದಲ್ಲಿ 'ಫೌಂಡೇಶನ್' ಅಂದ ಕೂಡಲೇ ಕೆಲವರು ಜಿಲ್ಲಾ ಖನಿಜ ಪ್ರತಿಷ್ಠಾನ ಅಂದುಕೊಳ್ಳುತ್ತಾರೆ. ಅದು ಗಣಿ ಮಾಲೀಕರು ಕಟ್ಟುವ ಹಣದ ಸರ್ಕಾರಿ ವ್ಯವಸ್ಥೆ. ಅದರ ದಾರಿಯೇ ಬೇರೆ.

ಶೇ 2ರ ಕಥೆ

ಈಗ ನಮ್ಮ ದೇಶದಲ್ಲಿ ಎಲ್ಲರ ಕಣ್ಣಿರುವುದು ಸಿ.ಎಸ್.ಆರ್. ಮೇಲೆ, ಅಂದರೆ ಕಂಪನಿಗಳು ತಮ್ಮ ಲಾಭದಲ್ಲಿ ಸಮಾಜಕ್ಕೆ ಖರ್ಚು ಮಾಡಬೇಕಾದ ಪಾಲಿನ ಮೇಲೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್, 2014ರ ಏಪ್ರಿಲ್‌ನಿಂದ ಜಾರಿಗೆ ಬಂತು. ಒಂದು ಕಂಪನಿಯ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ದಾಟಿದರೆ, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸರಾಸರಿ ಲಾಭ 50 ಕೋಟಿ ಇದ್ದರೆ ವರ್ಷಕ್ಕೆ 1 ಕೋಟಿ. ಕಂಪನಿ ಇದನ್ನು ತಾನೇ ಮಾಡಬಹುದು, ತನ್ನ ಫೌಂಡೇಶನ್ ಮೂಲಕ ಮಾಡಬಹುದು, ಇನ್ನೊಂದು ಸಂಸ್ಥೆಗೂ ಕೊಡಬಹುದು.

ಯಾವ ಕೆಲಸಕ್ಕೆ ಅನ್ನುವ ಪಟ್ಟಿ ಕಾಯ್ದೆಯ 7ನೇ ಅನುಸೂಚಿಯಲ್ಲಿದೆ. ಶಿಕ್ಷಣ ಇದೆ, ಆರೋಗ್ಯ ಇದೆ, ಕಲೆ ಮತ್ತು ಪರಂಪರೆ ಇದೆ. ಸಾರ್ವಜನಿಕ ಹಣದಿಂದ ನಡೆಯುವ ವಿಶ್ವವಿದ್ಯಾಲಯಗಳ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಸಂಶೋಧನೆಗೆ ಕೊಡುವ ಹಣ ಬೇರೆಯಾಗಿಯೇ ಇದೆ. ದುಡ್ಡು ಪಡೆದು ಕೆಲಸ ಮಾಡುವ ಸಂಸ್ಥೆ 2021ರಿಂದ ಸಿ.ಎಸ್.ಆರ್.-1 ಅನ್ನುವ ಫಾರಂ ತುಂಬಿ ನೋಂದಣಿ ಮಾಡಿಸಿರಬೇಕು. ಖಾಸಗಿ ಕಾಲೇಜು ನಡೆಸುವ ಟ್ರಸ್ಟ್ ಆದರೆ 12ಎ, 80ಜಿ ಎಂದು ಎಲ್ಲರೂ ಕರೆಯುವ ತೆರಿಗೆ ವಿನಾಯಿತಿಯ ನೋಂದಣಿಗಳೂ ಬೇಕು. ರಾಜ್ಯದ ಕಾಯ್ದೆಯಿಂದಲೇ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಬೇರೆ ಟ್ರಸ್ಟ್ ಕಟ್ಟುವ ಗೊಡವೆ ಇಲ್ಲ, ಅದಕ್ಕೆ ನಿಯಮದಲ್ಲೇ ಜಾಗ ಇದೆ.

ನಮ್ಮ ಎರಡು ಜಿಲ್ಲೆಗಳಿಗೆ ಇದರಲ್ಲಿ ಒಂದು ಎಳೆ ಸಿಗುತ್ತದೆ. ಕಂಪನಿ ತಾನು ಕೆಲಸ ಮಾಡುವ ಜಾಗಕ್ಕೆ, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಕಬ್ಬಿಣದ ಅದಿರಿನ ಗಣಿಗಳಿವೆ. ಇವುಗಳ ಮಾಲೀಕರ ಹೆಡ್ ಆಫೀಸ್ ಎಲ್ಲೋ ಇರಬಹುದು, ಆದರೆ ಗಾಳಿ ಇಲ್ಲಿಯದು, ಅದಿರು ಇಲ್ಲಿಯದು. ಮುಂಬೈಯ ಕಂಪನಿಗೆ 'ನಾವು ಬಡ ಜಿಲ್ಲೆಯವರು' ಎಂದು ಬರೆಯುವುದಕ್ಕಿಂತ 'ನಿಮ್ಮ ಗಣಿಯಿಂದ ಇಷ್ಟು ಕಿಲೋಮೀಟರ್ ದೂರದಲ್ಲಿ ನಮ್ಮ ಕಾಲೇಜು ಇದೆ' ಎಂದು ಬರೆಯುವುದು ಸಾವಿರ ಪಾಲು ಮೇಲು.

ಸಿ.ಎಸ್.ಆರ್. ದುಡ್ಡಿಗೆ ಒಂದು ಕೆಟ್ಟ ಚಾಳಿಯೂ ಇದೆ. ವರ್ಷದ ಪಾಲು ಖರ್ಚಾಗದಿದ್ದರೆ, ಅದು ನಡೆಯುತ್ತಿರುವ ಯೋಜನೆಯದ್ದಾದರೆ ಬೇರೆ ಖಾತೆಗೆ ಹಾಕಿ ಮೂರು ವರ್ಷದೊಳಗೆ ಮುಗಿಸಬೇಕು. ಇಲ್ಲದಿದ್ದರೆ ಸರ್ಕಾರದ ನಿಧಿಗೆ ಕಟ್ಟಬೇಕು. ಹಾಗಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಕೆಲವರಿಗೆ ಗಡಿಬಿಡಿ. 'ಹದಿನೈದು ದಿನದಲ್ಲಿ ಬಿಲ್ ಕೊಡ್ತೀರಾ ಸರ್?' ಎಂದು ಫೋನ್ ಬರುತ್ತದೆ. ಆಸೆಯಾಗುತ್ತದೆ, ಅಲ್ವಾ? ಇಂಥ ದುಡ್ಡಿನಲ್ಲಿ ಬಂದ ಕಂಪ್ಯೂಟರುಗಳು ಡಬ್ಬಿ ಬಿಚ್ಚದೆ ಎರಡು ವರ್ಷ ಕೂತದ್ದನ್ನು ನಾನೇ ನೋಡಿದ್ದೇನೆ. ಇಡಲು ಕೋಣೆ ಇರಲಿಲ್ಲ, ಕೋಣೆಗೆ ವೈರಿಂಗ್ ಇರಲಿಲ್ಲ. ನನ್ನ ಮಾತು ಕೇಳುವುದಾದರೆ, ಮಾರ್ಚ್ ದುಡ್ಡನ್ನು ಪುಸ್ತಕ ಕೊಳ್ಳುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಒಪ್ಪಿಕೊಳ್ಳಬೇಡಿ.

ಮಂಡಕ್ಕಿ ಭಟ್ಟಿಯಿಂದ ಶುರುಮಾಡೋಣ

ಒಂದು ಅರ್ಜಿ ಹೇಗೆ ಬದಲಾಗುತ್ತದೆ ಅಂತ ಉದಾಹರಣೆಯಲ್ಲೇ ನೋಡೋಣ. ಒಬ್ಬ ಯುವ ಮೇಡಂ ಇದ್ದಾರೆ ಅಂದುಕೊಳ್ಳಿ. ಪರಿಸರ ವಿಜ್ಞಾನ ಪಾಠ ಮಾಡುತ್ತಾರೆ. ಅವರ ವಿಭಾಗಕ್ಕೆ ಗಾಳಿಯ ಗುಣಮಟ್ಟ ಅಳೆಯುವ ಯಂತ್ರ ಬೇಕು, ಇಬ್ಬರು ಸಂಶೋಧನಾ ಸಹಾಯಕರು ಬೇಕು. ಅವರ ಮೊದಲ ಕರಡು ನನ್ನದರ ಹಾಗೇ ಇರುತ್ತದೆ: ಯಂತ್ರ ಇಲ್ಲ, ಜನ ಇಲ್ಲ.

ಈಗ ಆ ಕಾಗದವನ್ನು ಪಕ್ಕಕ್ಕಿಟ್ಟು ಅವರು ಮಂಡಕ್ಕಿ ಭಟ್ಟಿಗಳ ಕಡೆ ಹೋಗುತ್ತಾರೆ. ದಾವಣಗೆರೆಯ ಮಂಡಕ್ಕಿ ಎಲ್ಲರಿಗೂ ಗೊತ್ತು, ಅದನ್ನು ಹುರಿಯುವವರ ಕೆಮ್ಮು ಯಾರಿಗೂ ಗೊತ್ತಿಲ್ಲ. ಕಾದ ಮರಳಿನ ಮುಂದೆ ದಿನವಿಡೀ ನಿಲ್ಲುವ ಕೆಲಸ. ಒಲೆಗೆ ಹೊಟ್ಟು, ಕಟ್ಟಿಗೆ, ಕೆಲವು ಕಡೆ ಹಳೇ ಟೈರು ಕೂಡ. ಇಡೀ ಮನೆ ಮಂದಿ ಆ ಹೊಗೆಯಲ್ಲೇ ದುಡಿಯುತ್ತಾರೆ. ಮೇಡಂ ಕೇಳುವ ಪ್ರಶ್ನೆ: ಹತ್ತು ವರ್ಷಕ್ಕಿಂತ ಹೆಚ್ಚು ಭಟ್ಟಿಯಲ್ಲಿ ದುಡಿದವರ ಉಸಿರಾಟದ ಶಕ್ತಿ ಎಷ್ಟು ಕುಗ್ಗಿದೆ? ಒಲೆಯ ಚಿಮಣಿ ಬದಲಿಸಿದರೆ ಹೊಗೆ ಎಷ್ಟು ಕಡಿಮೆಯಾಗುತ್ತದೆ?

ನೋಡಿ, ಯಂತ್ರ ಅದೇ. ಸಹಾಯಕರೂ ಅದೇ ಇಬ್ಬರು. ಆದರೆ ಈಗ ಕಾಗದದ ನಡುವೆ ನಿಂತಿರುವುದು ವಿಭಾಗದ ಬಡತನ ಅಲ್ಲ, ಭಟ್ಟಿಯ ಮುಂದಿನ ಮನುಷ್ಯ. ಕಾರ್ಮಿಕರ ಆರೋಗ್ಯಕ್ಕೆ ದುಡ್ಡಿಟ್ಟಿರುವ ಫೌಂಡೇಶನ್‌ಗೆ ಇದು ತನ್ನ ಕೆಲಸ ಅನಿಸುತ್ತದೆ. ಯಂತ್ರ ಆ ಕೆಲಸದ ಸಲಕರಣೆ ಆಗುತ್ತದೆ. ಯೋಜನೆ ಮುಗಿದ ಮೇಲೆ ಅದು ವಿಭಾಗದಲ್ಲೇ ಉಳಿಯುತ್ತದೆ ಅಂತ ಒಪ್ಪಂದದಲ್ಲಿ ಬರೆಸಿಕೊಂಡರಾಯಿತು.

ಹೀಗೆ ನೋಡಲು ಕಲಿತರೆ ನಮ್ಮ ಸೀಮೆಯಲ್ಲಿ ಪ್ರಶ್ನೆಗಳಿಗೆ ಬರವೇ ಇಲ್ಲ. ಕೊಳವೆಬಾವಿಯ ಫ್ಲೋರೈಡ್ ನೀರು ಇದೆ. 1933ರಲ್ಲಿ ಕೋಡಿ ಬಿದ್ದ ಹಿರಿಯೂರಿನ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ನಡುವಿನ 89 ವರ್ಷಗಳ ಮಳೆ ಲೆಕ್ಕ ಒಂದು ಸಂಶೋಧನೆಗೆ ಸಾಕು. ಮೊಳಕಾಲ್ಮೂರಿನ ಸೀರೆ ಮಗ್ಗಗಳಿವೆ, ಚಳ್ಳಕೆರೆಯ ಶೇಂಗಾ ಇದೆ. ಅದೇ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಬಾರದೆಯೂ ಸಾವಿರಾರು ಹಾಡು ನೆನಪಿಟ್ಟುಕೊಂಡಿದ್ದರು. ಅಂಥ ಹಾಡುಗಾರರ ಧ್ವನಿ ಮುದ್ರಿಸಿ ಇಡುವ ಕೆಲಸಕ್ಕೆ ಕಲೆ, ಪರಂಪರೆ ಅನ್ನುವ ಬಾಗಿಲು ಇದೆ. ವಿಜ್ಞಾನದವರಿಗೆ ಮಾತ್ರ ದುಡ್ಡು ಸಿಗುವುದು ಅಂತ ಕನ್ನಡ ವಿಭಾಗದವರು ಸುಮ್ನೆ ಕೂರಬೇಕಾಗಿಲ್ಲ.

ಮೊದಲಿಗೆ ಪೂರ್ತಿ ಅರ್ಜಿ ಕಳಿಸುವುದಲ್ಲ. ಎರಡು ಪುಟದ ಕಾನ್ಸೆಪ್ಟ್ ನೋಟ್ ಕಳಿಸಬೇಕು. ಪ್ರಶ್ನೆ ಏನು, ಯಾರಿಗೆ ಉಪಯೋಗ, ಎಷ್ಟು ತಿಂಗಳು, ಸುಮಾರು ಎಷ್ಟು ದುಡ್ಡು. ಅವರಿಗೆ ಹಿಡಿಸಿದರೆ 'ಪೂರ್ತಿ ಪ್ರಪೋಸಲ್ ಕಳಿಸಿ' ಅನ್ನುತ್ತಾರೆ. ಅದು ಇಪ್ಪತ್ತು ಪುಟ ಆಗಬಹುದು. ಜನರ ಮೇಲೆ ಅಧ್ಯಯನ ಆದ್ದರಿಂದ ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಆಮೇಲೆ ಅವರು ನಮ್ಮ ಸಂಸ್ಥೆಯ ಆಡಿಟ್ ವರದಿ, ನೋಂದಣಿ, ಪ್ಯಾನ್, ಬ್ಯಾಂಕ್ ಖಾತೆ ಎಲ್ಲ ತಿರುವಿ ನೋಡುತ್ತಾರೆ. ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು ಹುಡುಗನ ಊರಲ್ಲಿ ವಿಚಾರಿಸುವ ಹಾಗೆ. ಇದರಲ್ಲಿ ಅವಮಾನ ಏನೂ ಇಲ್ಲ.

ಬಜೆಟ್‌ನಲ್ಲಿ ಬಹಳ ಜನ ಎಡವುತ್ತಾರೆ. ಮೇಡಂ ಲೆಕ್ಕ ಹೀಗಿದೆ ಅನ್ನೋಣ. ಎರಡು ವರ್ಷದ ಯೋಜನೆ. ಇಬ್ಬರು ಸಹಾಯಕರಿಗೆ ತಿಂಗಳಿಗೆ ತಲಾ 25,000, ಒಟ್ಟು 12 ಲಕ್ಷ. ಯಂತ್ರಗಳಿಗೆ 3 ಲಕ್ಷ. ನಾಲ್ಕು ಭಟ್ಟಿಗಳಿಗೆ ಹೊಸ ಚಿಮಣಿ, 4 ಲಕ್ಷ. ಓಡಾಟ 1, ಆರೋಗ್ಯ ಶಿಬಿರ 1, ವರದಿಯ ಕೆಲಸ 1. ಒಟ್ಟು 22 ಲಕ್ಷ. ದುಡ್ಡು ಜಾಸ್ತಿ ಕೇಳಿದರೆ ಕೊಡುವುದಿಲ್ಲವೇನೋ ಅಂತ ಹೆದರಿ ಸಂಬಳವನ್ನು 12,000ಕ್ಕೆ ಇಳಿಸುವವರಿದ್ದಾರೆ. ಆ ಸಂಬಳಕ್ಕೆ ಬಂದ ಹುಡುಗ ಆರು ತಿಂಗಳಲ್ಲಿ ಬೇರೆ ಕೆಲಸ ನೋಡಿಕೊಂಡು ಹೋಗುತ್ತಾನೆ, ಅಧ್ಯಯನ ಅರ್ಧಕ್ಕೆ ನಿಲ್ಲುತ್ತದೆ. ಫೌಂಡೇಶನ್‌ನವರು ಇಂಥ ಬಜೆಟ್ ಸಾಕಷ್ಟು ನೋಡಿರುತ್ತಾರೆ. ತೀರಾ ಅಗ್ಗದ ಲೆಕ್ಕ ಕಂಡರೂ ಅವರಿಗೆ ಅನುಮಾನ ಬರುತ್ತದೆ.

22 ಲಕ್ಷದ ಮೇಲೆ ಇನ್ನೊಂದು ಸಾಲು ಬೇಕು, ಓವರ್‌ಹೆಡ್. ಯೋಜನೆಗೆ ವಿಶ್ವವಿದ್ಯಾಲಯದ ಕರೆಂಟು, ಕೋಣೆ, ಲೆಕ್ಕಪತ್ರ ವಿಭಾಗದವರ ಸಮಯ ಎಲ್ಲ ಖರ್ಚಾಗುತ್ತದೆ. ಅದಕ್ಕೆ ಶೇ 10 ಹಾಕಿದರೆ 2.2 ಲಕ್ಷ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಓಡಾಡುತ್ತಿದೆ: 'ಸಿ.ಎಸ್.ಆರ್.ನಲ್ಲಿ ಆಡಳಿತ ವೆಚ್ಚ ಶೇ 5 ದಾಟುವಂತಿಲ್ಲ' ಅಂತ. ಆ ಶೇ 5ರ ಮಿತಿ ಇರುವುದು ಕಂಪನಿಯ ಸ್ವಂತ ಸಿ.ಎಸ್.ಆರ್. ಆಡಳಿತದ ಖರ್ಚಿಗೆ. ಒಂದು ಯೋಜನೆಯನ್ನು ರೂಪಿಸಲು, ನಡೆಸಲು, ಅಳೆಯಲು ಆಗುವ ನೇರ ಖರ್ಚು ಅದರಲ್ಲಿ ಸೇರುವುದಿಲ್ಲ. ಇದನ್ನು ವಿನಯವಾಗಿ, ಆದರೆ ಬಾಯಿಬಿಟ್ಟು ಹೇಳಬೇಕು.

ಕಲ್ಲಿನ ಮೇಲೆ ಬರೆದ ಕರಾರು

ದುಡ್ಡು ಮಂಜೂರಾಯಿತು ಅನ್ನೋಣ. ಈಗ ಒಂದು ಕರಾರು ಪತ್ರ ಬರುತ್ತದೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ದತ್ತಿ ಶಾಸನಗಳು. ಚಿತ್ರದುರ್ಗ ಸೀಮೆಯಲ್ಲಿ ಗುಡಿಯ ಪಕ್ಕ, ಕೆರೆ ಏರಿ ಮೇಲೆ ಇಂಥ ಕಲ್ಲುಗಳು ಬೇಕಾದಷ್ಟಿವೆ. ಅದರ ಒಕ್ಕಣೆ ಹೆಚ್ಚುಕಡಿಮೆ ಒಂದೇ. ಕೊಟ್ಟವರು ಯಾರು, ಪಡೆದವರು ಯಾರು. ಕೊಟ್ಟ ಭೂಮಿಗೆ ಮೂಡಲು ಯಾವ ಹಳ್ಳ, ತೆಂಕಲು ಯಾವ ಬಂಡೆ. ಆ ಭೂಮಿಯ ಆದಾಯ ನಂದಾದೀಪಕ್ಕೋ, ಓದುವ ಮಕ್ಕಳ ಊಟಕ್ಕೋ. ಸಾಕ್ಷಿ ಯಾರು. ಕೊನೆಗೆ ಶಾಪ: ಕೊಟ್ಟದ್ದನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ.

ಇವತ್ತಿನ ಕರಾರಿನಲ್ಲೂ ಇದೇ ಐದು ಅಂಶ. ಎಲ್ಲೆ ಅಂದರೆ ಬಜೆಟ್ಟಿನ ಸಾಲುಗಳು. ಚಿಮಣಿಗೆ ಅಂತ ಬಂದ 4 ಲಕ್ಷವನ್ನು ಓಡಾಟಕ್ಕೆ ಬಳಸಬೇಕಾದರೆ ಮೊದಲೇ ಲಿಖಿತ ಒಪ್ಪಿಗೆ ಬೇಕು. ಸಾಕ್ಷಿ ಅಂದರೆ ಆಡಿಟರ್. ಶಾಪದ ಜಾಗದಲ್ಲಿ 'ಬಳಕೆಯಾಗದ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸತಕ್ಕದ್ದು' ಅನ್ನುವ ಷರತ್ತು. ಒಂದೇ ವ್ಯತ್ಯಾಸ, ಹಳೇ ಕಲ್ಲಿನ ಮೇಲೆ ಸೂರ್ಯ ಚಂದ್ರರನ್ನು ಕೆತ್ತಿರುತ್ತಾರೆ, ಅವರಿರುವ ತನಕ ದಾನ ನಡೆಯಲಿ ಅಂತ. ಈಗಿನದು ಎರಡು ವರ್ಷ, ಹೆಚ್ಚೆಂದರೆ ಮೂರು.

ಕರಾರಿಗೆ ಸಹಿ ಹಾಕಬೇಕಾದವರು ಪ್ರಾಧ್ಯಾಪಕರಲ್ಲ. ವಿಶ್ವವಿದ್ಯಾಲಯದ ಪರವಾಗಿ ಕುಲಸಚಿವರು. ದತ್ತಿ, ದೇಣಿಗೆ ಸ್ವೀಕರಿಸುವ ಅಧಿಕಾರ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ಗೆ ಇರುತ್ತದೆ. ಯೋಜನೆಗೆ ಬೇರೆಯೇ ಬ್ಯಾಂಕ್ ಖಾತೆ ತೆರೆಸುವುದು ಒಳ್ಳೆಯದು. ಎಲ್ಲ ದುಡ್ಡು ಒಂದೇ ಖಾತೆಗೆ ಬಿದ್ದರೆ, ಚಿಮಣಿಯ ದುಡ್ಡು ಎಲ್ಲಿ ಹೋಯಿತು ಅಂತ ಹುಡುಕುವುದು ಜಾತ್ರೆಯಲ್ಲಿ ಮಗು ಹುಡುಕಿದ ಹಾಗೆ.

ದುಡ್ಡು ಒಮ್ಮೆಲೇ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಖರ್ಚಾದ ಲೆಕ್ಕ ಕೊಟ್ಟರೆ ಎರಡನೆಯದು. ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಯಂತ್ರ ಕೊಳ್ಳಬೇಕಾದರೆ 1999ರ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆ ಇದೆ, ಎಲ್ಲರ ಬಾಯಲ್ಲೂ ಕೆ.ಟಿ.ಪಿ.ಪಿ. ಟೆಂಡರ್ ಕರೆಯಬೇಕು, ತೆರೆಯಬೇಕು, ಸರಿಯಾಗಿ ಬರದಿದ್ದರೆ ಮತ್ತೆ ಕರೆಯಬೇಕು. ಕಾಯ್ದೆ ಒಳ್ಳೆಯದೇ, ತಪ್ಪು ಅದರದ್ದಲ್ಲ. ಮೊದಲ ತಿಂಗಳಲ್ಲೇ ಯಂತ್ರ ಬರುತ್ತದೆ ಅಂತ ಅರ್ಜಿಯಲ್ಲಿ ಬರೆದ ನಮ್ಮದು. ಯಂತ್ರ ಬರುವುದು ಆರನೇ ತಿಂಗಳಲ್ಲಿ ಎಂದೇ ಬರೆಯಿರಿ. ಅಲ್ಲಿಯವರೆಗೆ ಭಟ್ಟಿಗಳ ಪಟ್ಟಿ, ಜನರ ಜೊತೆ ಮಾತುಕತೆ, ಪ್ರಶ್ನಾವಳಿ ಅಂತ ಕೆಲಸ ಹಾಕಿಕೊಳ್ಳಿ.

ವರ್ಷದ ಕೊನೆಗೆ ಯುಟಿಲೈಸೇಶನ್ ಸರ್ಟಿಫಿಕೇಟ್ ಕಳಿಸಬೇಕು. ಬಾಯಿಮಾತಿನಲ್ಲಿ ಯು.ಸಿ. ಇಷ್ಟು ಬಂತು, ಇಷ್ಟು ಖರ್ಚಾಯಿತು, ಇಷ್ಟು ಉಳಿಯಿತು ಅಂತ ಲೆಕ್ಕ ಪರಿಶೋಧಕರು ಸಹಿ ಹಾಕಿದ ಒಂದು ಪುಟ. ಅದೊಂದು ಪುಟ ತಡವಾಗಿ ಎರಡನೇ ಕಂತು ಬಾರದೆ, ಸಹಾಯಕರಿಗೆ ನಾಲ್ಕು ತಿಂಗಳು ಸಂಬಳ ಕೊಡಲಾಗದ ಪರಿಸ್ಥಿತಿ ನನಗೇ ಬಂದಿತ್ತು. ಫೈಲು ಒಂದು ಮೇಜಿನ ಮೇಲೆ ಇತ್ತು, ಆ ಮೇಜಿನವರು ರಜೆಯ ಮೇಲಿದ್ದರು. ಯಾರನ್ನು ಬೈಯುವುದು?

ಲೆಕ್ಕದ ಜೊತೆ ಕೆಲಸದ ವರದಿಯೂ ಹೋಗಬೇಕು. 'ಆರು ಶಿಬಿರ ನಡೆಸಿದೆವು, 300 ಜನ ಬಂದಿದ್ದರು, ಫೋಟೋ ಲಗತ್ತಿಸಿದೆ' ಅನ್ನುವುದು ನಮ್ಮ ವರದಿಗಳ ರೂಢಿ. ಅವರು ಕೇಳುವುದು ಅದರ ಮುಂದಿನದು: ಚಿಮಣಿ ಹಾಕಿದ ಭಟ್ಟಿಯಲ್ಲಿ ಹೊಗೆ ಇಳಿಯಿತಾ? ಇಳಿಯದಿದ್ದರೆ ಹಾಗೇ ಬರೆಯಿರಿ. ಒಂದು ಯೋಜನೆಯಲ್ಲಿ ನಾವು ಅಂದುಕೊಂಡದ್ದು ಫಲಿಸಲಿಲ್ಲ ಅಂತ ಬರೆದು, ಉಳಿದ 38,000 ರೂಪಾಯಿಯನ್ನು ಬಡ್ಡಿ ಸೇರಿಸಿ ವಾಪಸ್ ಕಳಿಸಿದೆವು. ಸಹೋದ್ಯೋಗಿಗಳು ನಕ್ಕರು, ಯಾರಾದರೂ ಬಂದ ದುಡ್ಡು ವಾಪಸ್ ಕಳಿಸ್ತಾರಾ ಅಂತ. ಹದಿನೈದು ದಿನಕ್ಕೆ ಅಲ್ಲಿಂದ ಫೋನ್ ಬಂತು. ಮುಂದೆ ಏನು ಮಾಡಬೇಕು ಅಂತಿದೀರಿ ಸರ್, ಅಂತ ಕೇಳಿದರು.

ಚಿನ್ನದ ಪದಕದ ಲೆಕ್ಕ

ಇಲ್ಲಿಯವರೆಗೆ ಹೇಳಿದ್ದು ಯೋಜನೆಯ ದುಡ್ಡು. ಬಂತು, ಕೆಲಸ ಆಯಿತು, ಮುಗಿಯಿತು. ವಿಶ್ವವಿದ್ಯಾಲಯಗಳಿಗೆ ನಿಜವಾದ ಆಸೆ ಇರುವುದು ಮೂಲಧನದ ಮೇಲೆ. ನಮ್ಮ ಮಾತಿನಲ್ಲಿ ದತ್ತಿ ನಿಧಿ. ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಕೆಲಸ ನಡೆಯಬೇಕು. ಘಟಿಕೋತ್ಸವದಲ್ಲಿ 'ಇಂಥವರ ಸ್ಮರಣಾರ್ಥ ಚಿನ್ನದ ಪದಕ' ಅಂತ ಕೂಗುತ್ತಾರಲ್ಲ, ಅದು ಇದೇ.

ಇದರಲ್ಲಿ ಒಂದು ಮೋಸ ಅಡಗಿದೆ. ಯಾರೋ ತಂದೆಯ ಹೆಸರಿನಲ್ಲಿ 1 ಲಕ್ಷ ಇಟ್ಟರು ಅನ್ನಿ. ಶೇ 7ರ ಬಡ್ಡಿ ಅಂದರೆ ವರ್ಷಕ್ಕೆ 7,000. ಚಿನ್ನ 10 ಗ್ರಾಂಗೆ ಲಕ್ಷ ದಾಟಿದ ಕಾಲದಲ್ಲಿ ಆ ಬಡ್ಡಿಗೆ ಒಂದು ಗ್ರಾಂ ಚಿನ್ನವೂ ಬರುವುದಿಲ್ಲ. ಅಸಲು ಕಾಗದದ ಮೇಲೆ ಅಷ್ಟೇ ಇರುತ್ತದೆ, ಅದರ ತೂಕ ವರ್ಷ ವರ್ಷ ಕರಗುತ್ತದೆ. ಹಾಗಾಗಿ ಬಡ್ಡಿಯನ್ನೆಲ್ಲ ಖರ್ಚು ಮಾಡದೆ ಒಂದು ಪಾಲನ್ನು ಅಸಲಿಗೆ ಸೇರಿಸುತ್ತಾ ಹೋಗಬೇಕು ಅಂತ ದತ್ತಿ ಪತ್ರದಲ್ಲೇ ಬರೆಸಬೇಕು. ದತ್ತಿ ಕೊಡುವವರಿಗೂ ಇದು ಮೊದಲೇ ತಿಳಿದಿದ್ದರೆ ಮುಂದೆ ಬೇಸರ ಆಗುವುದಿಲ್ಲ.

ಮೂಲಧನಕ್ಕೆ ಸಿ.ಎಸ್.ಆರ್. ದುಡ್ಡು ಕೇಳಿ ಸಮಯ ಹಾಳು ಮಾಡಿಕೊಳ್ಳಬೇಡಿ. 2021ರ ನಿಯಮಗಳ ನಂತರ ಒಂದು ಸಂಸ್ಥೆಯ ಮೂಲಧನಕ್ಕೆ ಕೊಟ್ಟದ್ದು ಸಿ.ಎಸ್.ಆರ್. ಲೆಕ್ಕಕ್ಕೆ ಬರುವುದಿಲ್ಲ. ಮೂಲಧನ ಕೊಡಬಲ್ಲವರು ಮನೆತನದ ಟ್ರಸ್ಟ್‌ಗಳು, ಮತ್ತೆ ವ್ಯಕ್ತಿಗಳು. ನಮ್ಮ ರಾಜ್ಯದಲ್ಲೇ ಅದರ ದೊಡ್ಡ ಉದಾಹರಣೆ ಇದೆ. ಜಮ್‌ಷೆಡ್‌ಜಿ ಟಾಟಾ ವಿಜ್ಞಾನ ಸಂಸ್ಥೆಗೆ ಆಸ್ತಿ ಮೀಸಲಿಟ್ಟರು, 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ 1907ರಲ್ಲಿ 371 ಎಕರೆ ಕೊಟ್ಟಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ದಾನಿ ಕಟ್ಟಡ ನೋಡಲೇ ಇಲ್ಲ, ದಸ್ತಾವೇಜು ಕೆಲಸ ಮಾಡಿತು. ಅದೇ ಸಂಸ್ಥೆಗೆ ನೂರು ವರ್ಷದ ಮೇಲೆ ಚಳ್ಳಕೆರೆಯ ಕುದಾಪುರದಲ್ಲಿ 1500 ಎಕರೆ ಸಿಕ್ಕಿತು. ಆ ಕಾವಲಿನ ಹುಲ್ಲು ನಂಬಿದ ಕುರಿಗಾಹಿಗಳು ತಕರಾರು ಎತ್ತಿದ್ದೂ ಅಷ್ಟೇ ನಿಜ. 2022ರಲ್ಲಿ ಎರಡು ದಂಪತಿಗಳು, ಬಾಗ್ಚಿ ಮತ್ತು ಪಾರ್ಥಸಾರಥಿ, ಅದೇ ಸಂಸ್ಥೆಯ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಗೆ 425 ಕೋಟಿ ಕೊಡುವುದಾಗಿ ಹೇಳಿದರು. ಅಂಥ ದುಡ್ಡು ಶಿವಗಂಗೋತ್ರಿಗೆ ನಾಳೆಯೇ ಬರುತ್ತದೆ ಅಂತ ನಾನು ಹೇಳುತ್ತಿಲ್ಲ.

ವಿದೇಶದ ಫೌಂಡೇಶನ್‌ಗಳ ಬಗ್ಗೆ ಚುಟುಕಾಗಿ. ಫೋರ್ಡ್ ಫೌಂಡೇಶನ್ 1952ರಿಂದ ಭಾರತದಲ್ಲಿದೆ. ಆದರೆ ವಿದೇಶಿ ದುಡ್ಡು ಮುಟ್ಟಬೇಕಾದರೆ ಎಫ್.ಸಿ.ಆರ್.ಎ. ಅನ್ನುವ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಅದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬಂದು ಬೀಳಬೇಕು, ಆಡಳಿತಕ್ಕೆ ಶೇ 20 ದಾಟುವಂತಿಲ್ಲ, ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಕಾಯ್ದೆಯಿಂದ ಹುಟ್ಟಿ, ಸಿ.ಎ.ಜಿ. (ಸರ್ಕಾರದ ಮಹಾಲೇಖಪಾಲರು) ಆಡಿಟ್ ಕಡ್ಡಾಯ ಇರುವ ಸಂಸ್ಥೆಗಳಿಗೆ ವಿನಾಯಿತಿ ಇದೆ. ಸಣ್ಣ ಕಾಲೇಜುಗಳು ಮೊದಲ ಹೆಜ್ಜೆಯಲ್ಲೇ ಇದಕ್ಕೆ ಕೈಹಾಕದಿದ್ದರೆ ವಾಸಿ.

ಇನ್ನು ಯಾವಾಗ ಶುರುಮಾಡಬೇಕು? ಬಹುತೇಕ ಕಂಪನಿಗಳ ಲೆಕ್ಕದ ವರ್ಷ ಏಪ್ರಿಲ್‌ಗೆ ಶುರು. ಮುಂದಿನ ವರ್ಷದ ಯೋಜನೆಗಳ ಮಾತು ಅದಕ್ಕೆ ಮುಂಚೆಯೇ ನಡೆಯುತ್ತದೆ. ಹಾಗಾಗಿ ಕಾನ್ಸೆಪ್ಟ್ ನೋಟ್ ದೀಪಾವಳಿ ಕಳೆದ ಕೂಡಲೇ ಅವರ ಕೈಯಲ್ಲಿರಬೇಕು. ಅದಕ್ಕೆ ನೋಂದಣಿ ಕಾಗದಗಳು ದಸರಾ ಹೊತ್ತಿಗೆ ಸಿದ್ಧ ಇರಬೇಕು. ಅದಕ್ಕೂ ಮುಂಚೆ, ಗಣೇಶನ ಹಬ್ಬದ ಚಂದಾ ಪುಸ್ತಕ ಬರುವ ಹೊತ್ತಿಗೆ, ಮುಂದಿನ ಸಿಂಡಿಕೇಟ್ ಸಭೆ ಯಾವ ತಾರೀಖು ಅಂತ ಕಚೇರಿಗೆ ಹೋಗಿ ಕೇಳಿಕೊಂಡು ಬನ್ನಿ. ಫೋನಿನಲ್ಲಿ ಕೇಳಿದರೆ ಹೇಳುವುದಿಲ್ಲ.